ಕುಡಿತ ಮತ್ತು ಮರೆವು: ಮೆದುಳಿನಲ್ಲಿ ಹೋಗುವುದೇನು, ಮರಳುವುದೇನು

ಪ್ರಶ್ನೆ: ನಮ್ಮ ತಂದೆಗೆ 54 ವರ್ಷ, ಕಿರಾಣಿ ಅಂಗಡಿ ನಡೆಸುತ್ತಾರೆ. ಇಪ್ಪತ್ತು ವರ್ಷದಿಂದ ಕುಡಿತವಿದೆ. ಮೊದಲು ರಾತ್ರಿ ಒಂದು ಕ್ವಾರ್ಟರ್ ಮಾತ್ರ ಇತ್ತು. ಎರಡು ವರ್ಷದಿಂದ ಬೆಳಿಗ್ಗೆಯೂ ಒಂದು ನೈಂಟಿ ಬೀಳದಿದ್ದರೆ ಕೈ ನಡುಗುತ್ತದೆ. ಊಟ ಅರ್ಧಕ್ಕೆ ಇಳಿದಿದೆ. ಈಚಿನ ಕೆಲವು ತಿಂಗಳಿಂದ ಕೊಟ್ಟ ಸಾಲ ಬರೆದಿಡುವುದಿಲ್ಲ, ಹೇಳಿದ್ದನ್ನೇ ಹೇಳುತ್ತಾರೆ, ನಡೆಯುವಾಗ ಸ್ವಲ್ಪ ವಾಲುತ್ತಾರೆ. ಹಳೆಯದೆಲ್ಲ ಚೆನ್ನಾಗಿ ನೆನಪಿದೆ. ಕುಡಿತದಿಂದ ಮೆದುಳಿನ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ ಅನ್ನುತ್ತಾರೆ. ಈಗ ಬಿಡಿಸಿ ಪ್ರಯೋಜನವಿದೆಯೇ? ಒಮ್ಮೆಲೇ ಬಿಡಿಸಬಹುದೇ? ನೆನಪಿನ ಶಕ್ತಿಗೆ ಟಾನಿಕ್ ಕೊಡಬಹುದೇ?

ಉತ್ತರ: ನೀವು ಮರೆವಿನ ಬಗ್ಗೆ ಕೇಳಿದ್ದೀರಿ. ಆದರೆ ಪತ್ರದಲ್ಲಿ ಹೆಚ್ಚು ಆತಂಕ ಹುಟ್ಟಿಸುವುದು ನೀವು ಹಾಗೇ ಹೇಳಿ ದಾಟಿಹೋದ ಎರಡು ಸಂಗತಿಗಳು: ಊಟ ಅರ್ಧಕ್ಕೆ ಇಳಿದಿದೆ, ನಡೆಯುವಾಗ ವಾಲುತ್ತಾರೆ. ದಿನಾ ಕುಡಿಯುವವರಲ್ಲಿ ಊಟ ತಪ್ಪುವುದು, ನಡಿಗೆ ತಪ್ಪುವುದು, ಹೊಸ ವಿಷಯ ನೆನಪಿನಲ್ಲಿ ನಿಲ್ಲದಿರುವುದು ಒಟ್ಟಿಗೆ ಕಂಡರೆ, ಬೇರೆ ಕಾರಣ ಖಚಿತವಾಗುವ ತನಕ ಅದನ್ನು ಥಯಾಮಿನ್ (ವಿಟಮಿನ್ ಬಿ1) ಕೊರತೆಯ ಮೆದುಳಿನ ಕಾಯಿಲೆ ಎಂದೇ ಹಿಡಿದು ಚಿಕಿತ್ಸೆ ಶುರುಮಾಡಬೇಕು. ರಕ್ತಪರೀಕ್ಷೆಯ ವರದಿ ಬರಲಿ ಎಂದು ಕಾಯುವ ಕಾಯಿಲೆ ಇದಲ್ಲ. ಒಂದೆರಡು ದಿನದೊಳಗೆ, ದಾಖಲು ಮಾಡಿಕೊಳ್ಳುವ ಸೌಲಭ್ಯವಿರುವ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗಿ. ಕಣ್ಣು ಮಂಜು, ಎರಡೆರಡಾಗಿ ಕಾಣುವುದು, ಮಂಪರು, ದಿಕ್ಕು ತಪ್ಪಿದ ಮಾತು, ಇವುಗಳಲ್ಲಿ ಒಂದು ಶುರುವಾದರೂ ಅಂದೇ ಹೊರಡಿ.

ಇನ್ನು ಲೆಕ್ಕ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ 42.8 ಎಂದಿರುತ್ತದೆ. 180 ಮಿಲಿಯ ಒಂದು ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ, ನೈಂಟಿಯಲ್ಲಿ 30 ಗ್ರಾಂ. ಅಲ್ಲಿಗೆ ನಿಮ್ಮ ತಂದೆ ದಿನಕ್ಕೆ 90 ಗ್ರಾಂ ದಾಟುತ್ತಿದ್ದಾರೆ. ಗ್ರಾಮಿಗೆ 7 ಕ್ಯಾಲೊರಿಯಂತೆ ಇದೊಂದರಿಂದಲೇ 600ಕ್ಕೂ ಹೆಚ್ಚು ಕ್ಯಾಲೊರಿ. ಹಸಿವು ಇಂಗಲು ಇದೂ ಒಂದು ಕಾರಣ. ಆ ಕ್ಯಾಲೊರಿಯ ಜೊತೆ ಒಂದು ಕಣ ವಿಟಮಿನ್ ಕೂಡ ಇರುವುದಿಲ್ಲ. ಮದ್ಯದಿಂದ ಬಂದ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುತ್ತ ಹೋಗುವ ಸ್ಥಿತಿ) ಎಂದು ಗುರುತಿಸಲು ಸಂಶೋಧಕರು ಬಳಸುವ ಒಂದು ಅಳತೆಯ ಪ್ರಕಾರ, ಗಂಡಸರಲ್ಲಿ ವಾರಕ್ಕೆ ಸುಮಾರು 490 ಗ್ರಾಂ ಮೀರಿದ ಕುಡಿತ ಐದು ವರ್ಷಕ್ಕೂ ಹೆಚ್ಚು ನಡೆದಿರಬೇಕು. ಬರೀ ರಾತ್ರಿಯ ಕ್ವಾರ್ಟರ್ ಇದ್ದಾಗ ಅವರು ಆ ಗೆರೆಯ ಸ್ವಲ್ಪ ಈಚೆಗಿದ್ದರು. ಬೆಳಗಿನ ನೈಂಟಿ ಸೇರಿದ ಮೇಲೆ ವಾರಕ್ಕೆ 630 ಗ್ರಾಂ ಮುಟ್ಟಿದ್ದಾರೆ.

ಕೋಶಗಳು ಸಾಯುತ್ತವೆಯೇ? "ಒಂದೊಂದು ಪೆಗ್ಗಿಗೆ ಇಷ್ಟು ಸಾವಿರ ನರಕೋಶ" ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಲೆಕ್ಕಕ್ಕೆ ಆಧಾರವಿಲ್ಲ. 1993ರಲ್ಲಿ ಡೆನ್ಮಾರ್ಕಿನ ಜೆನ್ಸನ್ ಮತ್ತು ಪಾಕೆನ್‌ಬರ್ಗ್ ಎಂಬ ವಿಜ್ಞಾನಿಗಳು ತೀವ್ರ ಕುಡಿತದಲ್ಲಿದ್ದು ತೀರಿಕೊಂಡವರ ಮೆದುಳಿನ ಹೊರಪದರದ ಒಟ್ಟು ನರಕೋಶಗಳನ್ನು ಎಣಿಸಿ, ಕುಡಿಯದವರ ಮೆದುಳಿನೊಂದಿಗೆ ಹೋಲಿಸಿದರು. ಒಟ್ಟು ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಕುಗ್ಗಿದ್ದು ಬಿಳಿ ದ್ರವ್ಯ, ಅಂದರೆ ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಎಳೆಗಳು ಮತ್ತು ಆ ಎಳೆಗಳಿಗೆ ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ವೈರು ತುಂಡಾಗಿಲ್ಲ, ಮೇಲಿನ ಪ್ಲಾಸ್ಟಿಕ್ ಸುಲಿದು ಕರೆಂಟು ಸೋರುತ್ತಿದೆ ಎಂದುಕೊಳ್ಳಿ. ಯೋಚನೆ ನಿಧಾನವಾಗುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳದಿರುವುದು ಬಹುಮಟ್ಟಿಗೆ ಇದರ ಫಲ. ಈ ಹೊದಿಕೆ ಒಂದಷ್ಟು ಮತ್ತೆ ಬೆಳೆಯಬಲ್ಲದು. ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲಿ ಆಸೆಯಿರುವುದು ಇಲ್ಲಿಯೇ.

ಹಾಗೆಂದು ಕೋಶಗಳು ಸಾಯುವುದೇ ಇಲ್ಲ ಎಂದಲ್ಲ. ಕೆಲವು ಜಾಗಗಳಲ್ಲಿ ನಿಜಕ್ಕೂ ಸಾಯುತ್ತವೆ. ಆಸ್ಟ್ರೇಲಿಯಾದ ಹಾರ್ಪರ್ ಮತ್ತು ಕ್ರಿಲ್ ಅವರ ಅಧ್ಯಯನಗಳಲ್ಲಿ ಹಣೆಯ ಹಿಂದಿನ ಮುಂಮೆದುಳಿನ ಮೇಲ್ಭಾಗದಲ್ಲಿ ನರಕೋಶಗಳು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ನಾಶವಾಗಿದ್ದವು. ಯೋಜನೆ, ತಡೆ, ತೀರ್ಮಾನ ಇವೆಲ್ಲ ಆ ಭಾಗದ ಕೆಲಸ. "ಇವತ್ತು ಬೇಡ" ಎಂದು ಬೆಳಿಗ್ಗೆ ಹೇಳಿದವರು ಸಂಜೆ ಬಾರಿನಲ್ಲಿ ಕೂತಿರುವುದಕ್ಕೆ ಛಲದ ಕೊರತೆ ಒಂದೇ ಕಾರಣವಲ್ಲ, ತಡೆಯುವ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ. ಇನ್ನೊಂದು ಜಾಗ ಕಿರುಮೆದುಳಿನ ನಡುಪಟ್ಟಿ. ಅಲ್ಲಿನ ಪರ್ಕಿಂಜೆ ಕೋಶಗಳು ಹೋದರೆ ಕೈಗಿಂತ ಹೆಚ್ಚಾಗಿ ಕಾಲಿನ ಹಿಡಿತ ತಪ್ಪುತ್ತದೆ. ಅಂಥವರು ಪಾದ ಅಗಲಿಸಿ ನಡೆಯುತ್ತಾರೆ, ತಿರುಗುವಾಗ ಗೋಡೆ ಹಿಡಿಯುತ್ತಾರೆ. ನಿಮ್ಮ ತಂದೆ ವಾಲುವುದು ಕುಡಿದಾಗ ಮಾತ್ರವೋ, ಬೆಳಿಗ್ಗೆ ಕುಡಿಯುವ ಮೊದಲೂ ಇದೆಯೋ ಗಮನಿಸಿ. ಮೊದಲೂ ಇದ್ದರೆ ಅದು ಅಮಲಲ್ಲ.

ಮದ್ಯ ಮೆದುಳಿನಲ್ಲಿ ಮಾಡುವ ಕೆಲಸ ಎರಡು ಬಗೆಯದು. ನರಗಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕದ ಬಲವನ್ನು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ದಾರಿಯನ್ನು ಅದುಮುತ್ತದೆ. ಹೊಸ ನೆನಪನ್ನು ಅಚ್ಚೊತ್ತುವ ಹಿಪೊಕ್ಯಾಂಪಸ್‌ಗೆ ಈ ಗ್ಲುಟಮೇಟ್ ದಾರಿಯೇ ಮುಖ್ಯ. ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದವರು ಆ ರಾತ್ರಿ ಮಾತಾಡಿ, ಜಗಳವಾಡಿ, ಬೈಕು ಓಡಿಸಿಕೊಂಡು ಬಂದೂ ಬೆಳಿಗ್ಗೆ "ಏನೂ ನೆನಪಿಲ್ಲ" ಅನ್ನುವುದು ಇದರಿಂದ. ಅವರು ಮರೆತದ್ದಲ್ಲ, ಆ ನೆನಪು ದಾಖಲೇ ಆಗಿರಲಿಲ್ಲ. ಎಷ್ಟು ಕೆದಕಿದರೂ ಅದು ಬಾರದು, "ನಾಟಕ" ಎಂದು ಬೈದು ಉಪಯೋಗವಿಲ್ಲ.

ದಿನಾ ಕುಡಿದರೆ ಮೆದುಳು ಇದಕ್ಕೆ ಹೊಂದಿಕೊಳ್ಳುತ್ತದೆ. ಗಾಬಾದ ಸ್ಪಂದನೆ ತಗ್ಗುತ್ತದೆ, ಗ್ಲುಟಮೇಟ್ ಗ್ರಾಹಕಗಳು ಹೆಚ್ಚುತ್ತವೆ. ಆಗ ಒಮ್ಮೆಲೇ ಮದ್ಯ ನಿಂತರೆ ಅದುಮಿಟ್ಟಿದ್ದ ಉದ್ರೇಕವೆಲ್ಲ ಒಟ್ಟಿಗೆ ಏಳುತ್ತದೆ. ಬೆಳಗಿನ ನಡುಕ ಅದರ ಸಣ್ಣ ರೂಪ. ಗ್ಲುಟಮೇಟ್ ಅತಿಯಾದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಕೋಶವೇ ಹಾಳಾಗುತ್ತದೆ. ಹೀಗಾಗಿ ಮೆದುಳಿಗೆ ಕುಡಿತ ಎಷ್ಟು ಕೆಟ್ಟದ್ದೋ, ಔಷಧಿಯ ರಕ್ಷಣೆಯಿಲ್ಲದೆ ಮತ್ತೆ ಮತ್ತೆ ಬಿಟ್ಟು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಕೆಟ್ಟದ್ದು. ಪ್ರತಿ ಸಲ ಬಿಟ್ಟಾಗಲೂ ನಡುಕ, ಫಿಟ್ಸ್ ಹಿಂದಿನ ಸಲಕ್ಕಿಂತ ಜೋರಾಗುವುದುಂಟು. "ಹೋದ ಸಲ ಏನೂ ಆಗಲಿಲ್ಲ" ಎಂಬ ಧೈರ್ಯ ಇಲ್ಲಿ ನಡೆಯದು.

ಈಗ ಥಯಾಮಿನ್‌ಗೆ ಬರೋಣ, ಏಕೆಂದರೆ ನೆನಪಿನ ಶಾಶ್ವತ ನಷ್ಟದಲ್ಲಿ ತಡೆಯಬಹುದಾದ ಪಾಲು ಇಲ್ಲಿದೆ. ಮೆದುಳಿನ ಕೋಶ ಸಕ್ಕರೆಯಿಂದ ಶಕ್ತಿ ತೆಗೆಯಲು ಈ ವಿಟಮಿನ್ ಬೇಕೇ ಬೇಕು. ದೇಹದಲ್ಲಿರುವ ದಾಸ್ತಾನು 30 ಮಿಲಿಗ್ರಾಂ ಆಸುಪಾಸು. ದಿನದ ಅಗತ್ಯ ಒಂದರಿಂದ ಒಂದೂವರೆ ಮಿಲಿಗ್ರಾಂ. ಊಟ ನಿಂತರೆ ಎರಡು ಮೂರು ವಾರದಲ್ಲಿ ಡಬ್ಬಿ ಖಾಲಿ. ಕುಡಿಯುವವರಲ್ಲಿ ತಿಂದದ್ದೂ ಕಡಿಮೆ, ಕರುಳು ಹೀರುವುದೂ ಕಡಿಮೆ, ಲಿವರ್ ಕೂಡಿಡುವುದೂ ಕಡಿಮೆ. ಮೆಗ್ನೀಷಿಯಂ ಕೊರತೆಯಿದ್ದರಂತೂ ಇದ್ದಬದ್ದ ಥಯಾಮಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಥಯಾಮಿನ್ ಮೊದಲೇ ಕಡಿಮೆ, ಮೂರು ನೀರಿನಲ್ಲಿ ತೊಳೆದು ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ. ರಾತ್ರಿ ಬಂದು ಎರಡು ತುತ್ತು ಅನ್ನ, ತಿಳಿಸಾರು ಉಂಡು ಮಲಗುವವರು ಈ ಲೆಕ್ಕದಲ್ಲಿ ಉಪವಾಸವಿದ್ದಂತೆಯೇ.

ಕೊರತೆ ಮಿತಿ ಮೀರಿದಾಗ ಮೆದುಳಿನ ಒಳಗೆ ನಡುವಿನಲ್ಲಿರುವ ಥಲಾಮಸ್‌ನ ಒಳಭಾಗ ಮತ್ತು ಮೆದುಳಿನ ತಳದಲ್ಲಿ ಅವರೆಕಾಳಿಗಿಂತ ಚಿಕ್ಕದಾದ ಮ್ಯಾಮಿಲರಿ ಗಂಟುಗಳು ಮೊದಲು ಸೊರಗುತ್ತವೆ. ಹಿಪೊಕ್ಯಾಂಪಸ್‌ನಿಂದ ಹೊರಟ ನೆನಪಿನ ಜಾಲ ಹಾದುಹೋಗುವುದು ಈ ಗಂಟುಗಳ ಮೂಲಕ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದರ ತುರ್ತು ಹಂತವನ್ನು ವರ್ಣಿಸಿದರು: ಕಣ್ಣಿನ ಚಲನೆ ತಪ್ಪುವುದು, ನಡಿಗೆ ತಪ್ಪುವುದು, ಗೊಂದಲ. ಕೆಲವು ವರ್ಷಗಳ ನಂತರ ರಷ್ಯಾದ ಸೆರ್ಗೈ ಕೊರ್ಸಕಾಫ್ ವಿವರಿಸಿದ್ದು ಅದರ ಹಿಂದೆ ಉಳಿಯುವ ಮರೆವನ್ನು. ಎರಡೂ ಒಂದೇ ಕಾಯಿಲೆಯ ಎರಡು ಹಂತಗಳು. ಪುಸ್ತಕದಲ್ಲಿರುವ ಮೂರೂ ಲಕ್ಷಣ ಒಟ್ಟಿಗೆ ಸಿಗುವುದು ಆರು ಜನರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ "ಕುಡಿದಿದ್ದಾನೆ ಬಿಡಿ" ಎಂದು ಮನೆಯವರೂ, ಎಷ್ಟೋ ಸಲ ಆಸ್ಪತ್ರೆಯವರೂ ದಾಟಿಬಿಡುತ್ತಾರೆ. ಅದಕ್ಕೇ ಈಗ ಬಳಸುವ ಅಳತೆ ಸಡಿಲವಾಗಿದೆ: ಪೌಷ್ಟಿಕ ಕೊರತೆ, ಕಣ್ಣಿನ ದೋಷ, ನಡಿಗೆಯ ದೋಷ, ಗೊಂದಲ ಅಥವಾ ನೆನಪಿನ ದೋಷ, ಈ ನಾಲ್ಕರಲ್ಲಿ ಎರಡಿದ್ದರೆ ಸಾಕು. ನಿಮ್ಮ ತಂದೆಗೆ ಮೂರಿವೆ.

ಕಣ್ಣನ್ನು ನೀವೇ ನೋಡಬಹುದು. ಬೆಳಿಗ್ಗೆ ಬೆಳಕಿನಲ್ಲಿ ಅವರನ್ನು ಕೂರಿಸಿ, ಎರಡಡಿ ದೂರದಲ್ಲಿ ನಿಮ್ಮ ತೋರುಬೆರಳು ಹಿಡಿಯಿರಿ. ತಲೆ ಅಲ್ಲಾಡಿಸದೆ ಕಣ್ಣಿನಿಂದ ಮಾತ್ರ ಬೆರಳನ್ನು ಹಿಂಬಾಲಿಸಲು ಹೇಳಿ. ಬೆರಳನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಒಯ್ದು ಕೊನೆಯಲ್ಲಿ ಎರಡು ಮೂರು ಸೆಕೆಂಡ್ ನಿಲ್ಲಿಸಿ. ಕಣ್ಣುಗುಡ್ಡೆ ಅಂಚಿನಲ್ಲಿ ನಿಲ್ಲದೆ ಪಟಪಟ ಅದುರಿದರೆ, ಒಂದು ಕಣ್ಣು ಪೂರ್ತಿ ಹೊರಳದಿದ್ದರೆ, ಎರಡು ಬೆರಳು ಕಾಣುತ್ತಿದೆ ಅಂದರೆ ತಡಮಾಡಬೇಡಿ. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ, ಪಕ್ಕದಲ್ಲೇ ನೀವಿರಿ. ಇಷ್ಟನ್ನೂ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ವೈದ್ಯರಿಗೆ ಹತ್ತು ನಿಮಿಷದ ಮಾತು ಉಳಿಯುತ್ತದೆ.

ನಮ್ಮ ಕಡೆಯ ಒಂದು ರೂಢಿಯ ಬಗ್ಗೆ ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಕುಡಿದು ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅನ್ನುತ್ತೇವೆ. ಥಯಾಮಿನ್ ಬರಿದಾದ ಮೆದುಳಿಗೆ ಬರೀ ಗ್ಲೂಕೋಸ್ ಸುರಿದರೆ, ಇದ್ದ ಚೂರುಪಾರು ಥಯಾಮಿನ್ ಅದನ್ನು ಅರಗಿಸುವುದರಲ್ಲೇ ಮುಗಿದು, ಅಲ್ಲಿಯವರೆಗೆ ಮರೆಯಲ್ಲಿದ್ದ ಕಾಯಿಲೆ ಗಂಟೆಗಳಲ್ಲಿ ಕೆರಳಬಹುದು. ಬೆಳಿಗ್ಗೆ ನಡೆದುಕೊಂಡು ಬಂದವರು ಸಂಜೆಗೆ ಮಂಪರಾಗುವುದುಂಟು. ಥಯಾಮಿನ್ ಮೊದಲು ಅಥವಾ ಜೊತೆಯಲ್ಲೇ ಹೋಗಬೇಕು. ಸಕ್ಕರೆ ತೀರಾ ಇಳಿದಿದ್ದರೆ ಗ್ಲೂಕೋಸನ್ನು ತಡೆಹಿಡಿಯುವಂತಿಲ್ಲ, ಆಗ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಬಾಟ್ಲಿಗೆ ವಿಟಮಿನ್ ಬೆರೆಸಿ ಹಳದಿಯಾಗಿದ್ದರೆ ಸಾಕು ಎಂದುಕೊಳ್ಳಬೇಡಿ. ಆ ಹಳದಿ ರೈಬೋಫ್ಲೇವಿನ್‌ನದು, ಅದರಲ್ಲಿರುವ ಥಯಾಮಿನ್ ಈ ಕೆಲಸಕ್ಕೆ ಎಲ್ಲಿಗೂ ಸಾಲದು. ಸೊಂಟಕ್ಕೆ ಚುಚ್ಚುವ ಕೆಂಪು ಬಿ-ಕಾಂಪ್ಲೆಕ್ಸ್ ಸೂಜಿಯದ್ದೂ ಅದೇ ಕಥೆ.

ಕಾಯಿಲೆಯ ಅನುಮಾನವಿದ್ದಾಗ ರೂಢಿಯಲ್ಲಿರುವ ಪ್ರಮಾಣ 500 ಮಿಲಿಗ್ರಾಂ ಥಯಾಮಿನ್, 100 ಮಿಲಿ ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ರಕ್ತನಾಳಕ್ಕೆ, ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಗುಣ ಕಂಡರೆ ನಂತರ ದಿನಕ್ಕೆ 250 ಮಿಲಿಗ್ರಾಂನಂತೆ ಇನ್ನೂ ಕೆಲವು ದಿನ. ಅಲರ್ಜಿ ಅಪರೂಪ, ಆದರೂ ನಿಧಾನವಾಗಿ, ಆಸ್ಪತ್ರೆಯಲ್ಲೇ ಕೊಡಬೇಕು. ಜೊತೆಗೆ ಮೆಗ್ನೀಷಿಯಂ, ಪೊಟ್ಯಾಸಿಯಂ ನೋಡಿ ಸರಿಪಡಿಸುತ್ತಾರೆ. 100 ಮಿಲಿಗ್ರಾಂ ಮಾತ್ರೆ ಆಮೇಲಿನ ತಿಂಗಳುಗಳಿಗೆ ಸರಿ, ಮೊದಲ ವಾರಕ್ಕೆ ಅಲ್ಲ. ಕುಡಿತದಿಂದ ಕೆಟ್ಟ ಕರುಳು ಒಂದು ಮಾತ್ರೆಯಿಂದ ಕೆಲವೇ ಮಿಲಿಗ್ರಾಂ ಹೀರುತ್ತದೆ. ಕಣ್ಣಿನ ದೋಷ ಗಂಟೆಗಳಲ್ಲಿ, ದಿನಗಳಲ್ಲಿ ಸರಿಹೋಗುತ್ತದೆ. ಗೊಂದಲ ಇಳಿಯಲು ದಿನಗಳಿಂದ ವಾರಗಳು ಬೇಕು, ನಡಿಗೆಗೆ ಇನ್ನೂ ಹೆಚ್ಚು. ನೆನಪು ಎಲ್ಲಕ್ಕಿಂತ ಕೊನೆ.

ಒಮ್ಮೆಲೇ ಬಿಡಿಸಬಹುದೇ ಎಂದು ಕೇಳಿದ್ದೀರಿ. ಮನೆಯಲ್ಲಿ ಬೇಡ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಪ್ರಾಣಕ್ಕೇ ಅಪಾಯ. ಕೊನೆಯ ಗುಟುಕಿನ ನಂತರ ಆರರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು: ಮೈಯೆಲ್ಲ ಬೆವರು, ನಾಡಿ ನೂರು ದಾಟುವುದು, ಜ್ವರ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಹೊದಿಕೆಯ ದಾರ ಕೀಳುವುದು, ಅಂಗಡಿಯಲ್ಲೇ ಕೂತಿದ್ದೇನೆಂದು ಗಾಳಿಯಲ್ಲಿ ಪೊಟ್ಟಣ ಕಟ್ಟುವುದು. ಮಾಟ, ಗಾಳಿ ಎಂದು ಎಲ್ಲೆಲ್ಲಿಗೋ ಕರೆದೊಯ್ಯುವ ಹೊತ್ತಲ್ಲ ಅದು. ಆಸ್ಪತ್ರೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಔಷಧಿಯನ್ನು ನಡುಕದ ಅಳತೆಗೆ ತಕ್ಕಂತೆ ಕೊಟ್ಟು ಐದರಿಂದ ಹತ್ತು ದಿನದಲ್ಲಿ ಇಳಿಸುತ್ತಾರೆ. ಲಿವರ್ ತೀರಾ ಕೆಟ್ಟಿದ್ದರೆ ಲೊರಾಜೆಪಾಮ್ ಆರಿಸುತ್ತಾರೆ. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಡಬೇಡಿ. ಮೇಲಿಂದ ಅವರು ಕುಡಿದರೆ ಉಸಿರೇ ನಿಲ್ಲಬಹುದು. ಆಸ್ಪತ್ರೆ ಸೇರಲು ಎರಡು ದಿನ ತಡವಾಗುವುದಾದರೆ ಆ ಎರಡು ದಿನ ಬೆಳಗಿನ ನೈಂಟಿಯನ್ನು ಬಲವಂತವಾಗಿ ಕಿತ್ತುಕೊಳ್ಳಬೇಡಿ. ವೈದ್ಯರ ಬಾಯಲ್ಲಿ ಈ ಮಾತು ವಿಚಿತ್ರ ಅನ್ನಿಸಬಹುದು, ಆದರೆ ಫಿಟ್ಸ್‌ಗಿಂತ ಅದು ವಾಸಿ. ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆ ಉಳಿದಿವೆ, ಅದರ ಬಗ್ಗೆ ತಕರಾರಿಲ್ಲ. ಇಷ್ಟು ನಡುಕವಿರುವವರು ಮಾತ್ರ ಮೊದಲು ಆಸ್ಪತ್ರೆ ಮುಗಿಸಿ, ಆಮೇಲೆ ಶಿಬಿರಕ್ಕೆ ಹೋಗಬೇಕು.

ಮರೆವಿನ ಸ್ವರೂಪ ನೋಡೋಣ. ಹಳೆಯದು ನೆನಪಿದೆ, ಹೊಸದು ನಿಲ್ಲುವುದಿಲ್ಲ ಅನ್ನುವುದು ಮೇಲೆ ಹೇಳಿದ ಜಾಲ ಕೆಟ್ಟಿರುವ ಲಕ್ಷಣ. ನಿಂಬೆಹಣ್ಣು, ಬೀಗ, ಕಂಬಳಿ ಎಂದು ಮೂರು ಮಾತು ಹೇಳಿ, ಅವರಿಂದ ಹೇಳಿಸಿ. ತಕ್ಷಣ ಸರಿಯಾಗಿ ಹೇಳುತ್ತಾರೆ. ಮೊಬೈಲ್ ನಂಬರನ್ನು ಹಿಂದೆಯೇ ಒಪ್ಪಿಸುತ್ತಾರೆ. ಐದು ನಿಮಿಷ ಬೇರೆ ಮಾತಾಡಿ ಮತ್ತೆ ಕೇಳಿ. "ಒಂದು ಹಣ್ಣು" ಎಂದು ಸುಳಿವು ಕೊಟ್ಟರೆ ನೆನಪಾದರೆ ಮಾಹಿತಿ ಒಳಗಿದೆ, ತೆಗೆಯುವುದು ಕಷ್ಟವಾಗಿದೆ ಅಷ್ಟೇ. ಇದು ಮುಂಮೆದುಳಿನ ನಿಧಾನ, ಸುಧಾರಿಸುವ ಸಾಧ್ಯತೆ ಹೆಚ್ಚು. ಸುಳಿವು ಕೊಟ್ಟರೂ ಬಾರದೆ, "ನೀನು ಯಾವಾಗ ಹೇಳಿದೆ?" ಅಂದರೆ ದಾಖಲಾತಿಯೇ ಆಗುತ್ತಿಲ್ಲ. ಕೊರ್ಸಕಾಫ್ ಹಂತಕ್ಕೆ ಹೋದವರಲ್ಲಿ ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಮೂರು ದಿನದಿಂದ ವಾರ್ಡಿನಲ್ಲಿರುವವರನ್ನು ಬೆಳಿಗ್ಗೆ ಏನು ಮಾಡಿದಿರಿ ಎಂದರೆ, "ಅಂಗಡಿ ತೆಗೆದೆ, ಬೆಲ್ಲದ ಮೂಟೆ ಇಳಿಸಿಕೊಂಡೆ, ಈಗ ತಾನೇ ಬಂದೆ" ಎಂದು ಮುಖದಲ್ಲಿ ಒಂದು ಗೆರೆ ಅಲುಗದೆ ಹೇಳುತ್ತಾರೆ. ಅದು ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸುತ್ತಿರುತ್ತದೆ. ಇನ್ನೊಂದು ಕಡೆ, ಕೈ ಕಲಿತ ಕೆಲಸ ಉಳಿದಿರುತ್ತದೆ. ತೂಗುವುದು, ಕಟ್ಟುವುದು, ಚಿಲ್ಲರೆ ಎಣಿಸುವುದು ಸರಾಗ. ಗಿರಾಕಿಗಳಿಗೆ ಏನೂ ಗೊತ್ತಾಗದೆ ವರ್ಷ ಕಳೆಯುವುದು ಇದರಿಂದಲೇ.

ಈ ವಯಸ್ಸಿನಲ್ಲಿ ಅಲ್ಝೈಮರ್ ಅಪರೂಪ. ಅದರಲ್ಲಿ ವಸ್ತುಗಳ ಹೆಸರು, ಮಾತಿನ ಪದಗಳೂ ತಪ್ಪುತ್ತ ಹೋಗುತ್ತವೆ, ಮತ್ತು ಏನು ಮಾಡಿದರೂ ಕಾಯಿಲೆ ಮುಂದುವರಿಯುತ್ತದೆ. ಕುಡಿತದ ಮರೆವು ಕುಡಿತ ನಿಂತರೆ ಅಲ್ಲಿಗೇ ನಿಲ್ಲುತ್ತದೆ, ಬಹಳಷ್ಟು ಜನರಲ್ಲಿ ಹಿಂದಕ್ಕೂ ಬರುತ್ತದೆ. ಕುಡಿತದ ತಲೆಗೆ ಎಲ್ಲವನ್ನೂ ಕಟ್ಟುವ ಮೊದಲು ಮಾತ್ರ ಮೂರು ನಾಲ್ಕು ಕಾರಣಗಳನ್ನು ನೋಡಲೇಬೇಕು. ಬಿದ್ದು ತಲೆಗೆ ಪೆಟ್ಟಾಗಿ ಮೆದುಳಿನ ಮೇಲ್ಪೊರೆಯ ಕೆಳಗೆ ನಿಧಾನವಾಗಿ ರಕ್ತ ಸೇರಿರಬಹುದು. ಕುಗ್ಗಿದ ಮೆದುಳಿನಲ್ಲಿ ಸಣ್ಣ ರಕ್ತನಾಳಗಳು ಎಳೆದು ನಿಂತಿರುವುದರಿಂದ ಸಣ್ಣ ಪೆಟ್ಟೂ ಸಾಕು, ಲಕ್ಷಣ ವಾರಗಳ ನಂತರ ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಮಾಡಿಸಿ. ಲಿವರ್ ಕೆಟ್ಟು ಅಮೋನಿಯಾ ಏರಿದ್ದರೆ ಹಗಲು ನಿದ್ದೆ, ರಾತ್ರಿ ಎಚ್ಚರ, ಚಾಚಿದ ಅಂಗೈ ಪಟಪಟ ಬೀಳುವುದು ಕಾಣುತ್ತದೆ. ಮಲಬದ್ಧತೆ ಅದನ್ನು ಹೆಚ್ಚಿಸುತ್ತದೆ, ದಿನಕ್ಕೆ ಎರಡು ಮೂರು ಸಲ ಸಡಿಲ ಮಲವಾಗುವಷ್ಟು ಲ್ಯಾಕ್ಟುಲೋಸ್ ಕೊಟ್ಟರೆ ತಲೆ ತಿಳಿಯಾಗುವುದೂ ಉಂಟು. ಕುತ್ತಿಗೆ, ಮುಂಗೈಗಳಲ್ಲಿ ಬಿಸಿಲು ಬೀಳುವ ಜಾಗ ಕಪ್ಪಾಗಿ ಸಿಪ್ಪೆ ಏಳುತ್ತಿದ್ದು ಭೇದಿಯೂ ಇದ್ದರೆ ನಿಯಾಸಿನ್ ಕೊರತೆಯ ಪೆಲಾಗ್ರಾ. ಬಿ12, ಥೈರಾಯ್ಡ್, ಸೋಡಿಯಂ ಹೇಗೂ ನೋಡುತ್ತಾರೆ. ಎಂ.ಆರ್.ಐ. ನಾರ್ಮಲ್ ಬಂತೆಂದು ಥಯಾಮಿನ್ ನಿಲ್ಲಿಸುವಂತಿಲ್ಲ, ವೆರ್ನಿಕೆ ಇರುವವರಲ್ಲಿ ಸುಮಾರು ಅರ್ಧ ಜನರ ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ.

ಬಿಟ್ಟ ಮೇಲೆ ಏನು ನಿರೀಕ್ಷಿಸಬೇಕು? ಮೊದಲ ವಾರದ ಮರೆವಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ, ಅದರಲ್ಲಿ ಔಷಧಿಯ ಮಂಪರೂ ಇರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಗಮನ, ನಿದ್ದೆ, ಮಾತಿನ ವೇಗ ಸುಧಾರಿಸುತ್ತದೆ. ಕುಗ್ಗಿದ ಮೆದುಳಿನ ಗಾತ್ರ ಹೆಚ್ಚು ಮರಳುವುದೂ ಈ ಮೊದಲ ತಿಂಗಳಲ್ಲೇ. ಮೂರು ತಿಂಗಳಿಗೆ ಲೆಕ್ಕ, ಯೋಜನೆ. ದಾರಿ ಗುರುತು, ಹೊಸ ಕಲಿಕೆ ಒಂದು ವರ್ಷದವರೆಗೂ ನಿಧಾನವಾಗಿ ಏರುತ್ತದೆ. ನೆನಪಿನ ಪರೀಕ್ಷೆಯನ್ನು ಕುಡಿತ ನಿಂತು ಕನಿಷ್ಠ ಎರಡು ವಾರವಾದ ಮೇಲೆ ಮಾಡಿಸಿ, ಎರಡು ತಿಂಗಳಿಗೆ ಮತ್ತೊಮ್ಮೆ. ಡಿಮೆನ್ಷಿಯಾ ಎಂಬ ಹಣೆಪಟ್ಟಿಯನ್ನು ಅದಕ್ಕೂ ಮೊದಲು ಒಪ್ಪಬೇಡಿ. ಮೋಕಾ ಎಂಬ ಮೂವತ್ತು ಅಂಕದ ಪರೀಕ್ಷೆ ಕನ್ನಡದಲ್ಲೇ ಇದೆ, ಕೇಳಿ ಮಾಡಿಸಿ. ಕೊರ್ಸಕಾಫ್ ಹಂತ ಗಟ್ಟಿಯಾಗಿ ಕೂತವರಲ್ಲಿ ಲೆಕ್ಕ ಬೇರೆ: ಹೆಚ್ಚುಕಡಿಮೆ ಕಾಲು ಪಾಲು ಜನ ಚೆನ್ನಾಗಿ ಚೇತರಿಸುತ್ತಾರೆ, ಅರ್ಧದಷ್ಟು ಜನ ಒಂದಷ್ಟು, ಉಳಿದ ಕಾಲು ಪಾಲು ಹೆಚ್ಚೇನೂ ಇಲ್ಲ. ನಿಮ್ಮ ತಂದೆ ಇನ್ನೂ ಅಂಗಡಿಗೆ ಹೋಗುತ್ತಿದ್ದಾರೆ ಅಂದರೆ ಬಹುಶಃ ಅಷ್ಟು ದೂರ ಹೋಗಿಲ್ಲ. ಈಗ ಬಿಡಿಸಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ಖಂಡಿತ ಹೌದು.

"ದಿನಾ ಅಲ್ಲ, ವಾರಕ್ಕೊಂದೆರಡು ಸಲ ಕುಡಿದರೆ ಏನೂ ಆಗುವುದಿಲ್ಲವಲ್ಲ" ಎಂದು ಮನೆಯಲ್ಲಿ ಯಾರಾದರೂ ರಾಜಿ ಮಾಡಿಸಲು ಬಂದೇ ಬರುತ್ತಾರೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ 550 ಜನರನ್ನು ಮೂವತ್ತು ವರ್ಷ ಗಮನಿಸಿತ್ತು. ವಾರಕ್ಕೆ 112ರಿಂದ 168 ಗ್ರಾಂ, ನಮ್ಮ ಅಳತೆಯಲ್ಲಿ ಎರಡರಿಂದ ಮೂರು ಕ್ವಾರ್ಟರ್‌ಗೂ ಕಡಿಮೆ ಕುಡಿದವರಲ್ಲೂ ಹಿಪೊಕ್ಯಾಂಪಸ್ ಕುಗ್ಗುವ ಸಾಧ್ಯತೆ ಕುಡಿಯದವರ ಮೂರು ಪಟ್ಟಿತ್ತು. ಒಮ್ಮೆ ಪೆಟ್ಟು ತಿಂದ ಮೆದುಳಿಗೆ ಅಂಥ ರಾಜಿ ಆಗಿಬರುವುದಿಲ್ಲ.

ಟಾನಿಕ್ ವಿಷಯ. ಒಂದೆಲಗದ ಚಟ್ನಿ, ತಂಬುಳಿ ಮಾಡಿ ಬಡಿಸಿ, ಬೇಡ ಅನ್ನುವವರಿಲ್ಲ. ಅದು ಥಯಾಮಿನ್ ಮಾಡುವ ಕೆಲಸ ಮಾಡದು, ಅಷ್ಟೇ. ಅರಿಷ್ಟ, ಆಸವಗಳನ್ನು ಮಾತ್ರ ಕೊಡಬೇಡಿ. ನೆನಪಿನ ಶಕ್ತಿಗೆಂದು ಹೆಸರಾದ ಸಾರಸ್ವತಾರಿಷ್ಟವೂ ಹುದುಗಿಸಿ ಮಾಡಿದ್ದು, ಅದರಲ್ಲಿ ತಾನಾಗಿಯೇ ಹುಟ್ಟಿದ ಮದ್ಯಸಾರ ಇರುತ್ತದೆ. ಲೇಬಲ್ಲಿನ ಮೇಲೇ ಬರೆದಿರುತ್ತಾರೆ, ಓದುವವರು ಕಡಿಮೆ. ಇನ್ನು ಸಾರಿನಲ್ಲೋ ಕಾಫಿಯಲ್ಲೋ ಗೊತ್ತಾಗದಂತೆ ಬೆರೆಸಿ ಕುಡಿತ ಬಿಡಿಸುವ ಪುಡಿ. ಇಂಥ ಪುಡಿ ಎಷ್ಟೋ ಸಲ ಡೈಸಲ್ಫಿರಾಮ್ ಆಗಿರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ವಾಂತಿ, ಎದೆ ಡವಡವ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಆ ಮಾತ್ರೆ ಒಳ್ಳೆಯದೇ, ಆದರೆ ಕುಡಿಯುವವರ ಒಪ್ಪಿಗೆಯಿಂದ, ಲಿವರ್ ಪರೀಕ್ಷೆ ಮಾಡಿ, ಕೊನೆಯ ಗುಟುಕಾಗಿ ಕನಿಷ್ಠ 12 ಗಂಟೆ ಕಳೆದ ಮೇಲೆ ಮಾತ್ರ. ನಿಲ್ಲಿಸಿದ ಎರಡು ವಾರದವರೆಗೂ ಅದರ ಪರಿಣಾಮ ಉಳಿಯುತ್ತದೆ. ಮರೆವಿರುವವರಿಗೆ ಅದನ್ನು ಕೊಡುವುದಕ್ಕೆ ವೈದ್ಯರು ಹಿಂಜರಿಯುತ್ತಾರೆ, ಮಾತ್ರೆ ತೆಗೆದುಕೊಂಡದ್ದನ್ನೇ ಮರೆತು ಕುಡಿದುಬಿಡುವ ಭಯವಿರುತ್ತದೆ.

ಊಟದಲ್ಲಿ ತೊಗರಿ, ಹೆಸರು, ಕಡಲೆಕಾಯಿ, ಎಳ್ಳು, ಕುಸುಬಲಕ್ಕಿ ಹೆಚ್ಚಲಿ. ದಿನಗಟ್ಟಲೆ ಏನೂ ತಿನ್ನದವರಿಗೆ ಮೊದಲ ದಿನವೇ ಹೊಟ್ಟೆ ಬಿರಿಯೆ ತಿನ್ನಿಸಿದರೆ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುವ ಅಪಾಯವಿದೆ, ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಅಂಗಡಿಯನ್ನು ಅವರಿಂದ ಕಿತ್ತುಕೊಳ್ಳಬೇಡಿ. ಸಾಲದ ಪುಸ್ತಕ, ಬ್ಯಾಂಕು, ಫೋನ್‌ಪೇ ಪಿನ್ನು ಸದ್ಯಕ್ಕೆ ನಿಮ್ಮ ಕೈಯಲ್ಲಿರಲಿ. ಬೈಕಿನ ಕೀಲಿಯೂ. "ನೆನಪಿಸಿಕೊಳ್ಳಿ ನೋಡೋಣ" ಎಂದು ಪರೀಕ್ಷೆ ಮಾಡುತ್ತ ಕೂರಬೇಡಿ. ಈ ಮರೆವಿನಲ್ಲಿ ತಪ್ಪು ಊಹೆಯೇ ಮನಸ್ಸಿನಲ್ಲಿ ಅಚ್ಚಾಗಿಬಿಡುತ್ತದೆ. ಸರಿಯುತ್ತರವನ್ನು ನೀವೇ ಮೊದಲು ಹೇಳಿ, ಅವರಿಂದ ಹೇಳಿಸಿ. ಗಲ್ಲಾಪೆಟ್ಟಿಗೆಯ ಪಕ್ಕ ಒಂದೇ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು, ಗೋಡೆಗೆ ದೊಡ್ಡಕ್ಷರದ ಕ್ಯಾಲೆಂಡರ್. ಸಾಲ ಕೊಡುವ ಮೊದಲು ಬರೆಯುವುದು, ಬರೆದ ಮೇಲೆ ಸಾಮಾನು ತೂಗುವುದು. ಇದೇ ಕ್ರಮವನ್ನು ದಿನಾ ಮಾಡಿಸಿದರೆ ಕೈಗೆ ಅಭ್ಯಾಸ ಕೂರುತ್ತದೆ.

ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ಈ ಚಿಕಿತ್ಸೆ ಸಿಗುತ್ತದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446. ಹೋಗುವಾಗ ದಿನಕ್ಕೆ ಎಷ್ಟು, ಕೊನೆಯ ಸಲ ಎಷ್ಟು ಗಂಟೆಗೆ ಕುಡಿದರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈಚೆಗೆ ಬಿದ್ದಿದ್ದರೇ, ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಳಗೆ ಹೋದ ಕೂಡಲೇ "ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಹಾಕುತ್ತೀರಾ?" ಎಂದು ಕೇಳಿ. ಹಾಗೆ ಕೇಳಿದ್ದಕ್ಕೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ.